ಬಾಟಲಿ ಮಗುಚಿದರೆ ವಿಷ ಇಳಿಯುವುದಿಲ್ಲ

ಇವರಿಗೆ,
ಕಾಸರಗೋಡು ಜಿಲ್ಲೆಯ ಗಡಿ ಪಂಚಾಯತುಗಳಲ್ಲಿ ಮದ್ಯವಿರೋಧಿ ಜಾಗೃತಿ ಶಿಬಿರ ನಡೆಸುತ್ತಿರುವ ಅಧಿಕಾರಿಗಳು, ಸಂಘಟಕರು ಹಾಗೂ ಉಪನ್ಯಾಸಕರಿಗೆ

ವಿಷಯ: ಬಿಯರಿನಲ್ಲಿರುವ ‘ಕೆಮಿಕಲ್’ಗಳ ಕುರಿತು ಶಿಬಿರಗಳಲ್ಲಿ ಹೇಳುತ್ತಿರುವ ಮಾತುಗಳು

ಮಾನ್ಯರೇ,

ನಾನು ಪೆರ್ಲದ ಕಡೆಯವಳು. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ 29 ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸಿ ಈಗ ಮನೆಯಲ್ಲಿದ್ದೇನೆ. ಮುಂದೆ ಓದುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮದ್ಯದ ಪರವಾಗಿ ವಕಾಲತ್ತು ಹಾಕಲು ನಾನು ಈ ಪತ್ರ ಬರೆಯುತ್ತಿಲ್ಲ. ನನ್ನ ಸೋದರಮಾವ ಕುಡಿದು ಕುಡಿದೇ ಹೋದವರು. ಕೊನೆಯ ಆರು ತಿಂಗಳು ಅವರ ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಬಾತು, ಕಣ್ಣು ಅರಸಿನ ಬಣ್ಣಕ್ಕೆ ತಿರುಗಿದ್ದನ್ನು ಹತ್ತಿರದಿಂದ ಕಂಡಿದ್ದೇನೆ. ನಿಮ್ಮ ಕೆಲಸ ನಮ್ಮೂರಿಗೆ ಬೇಕಾದದ್ದೇ. ಅದು ನೆಟ್ಟಗೆ ಆಗಬೇಕು ಎಂಬುದಷ್ಟೇ ನನ್ನ ತಕರಾರು.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಆದಿತ್ಯವಾರ ಮಧ್ಯಾಹ್ನ ನಮ್ಮ ವಾಚನಾಲಯದಲ್ಲಿ ಶಿಬಿರ ಇತ್ತು. ಹಾಕಿದ ಕುರ್ಚಿಗಳೆಲ್ಲ ತುಂಬಿ ಹಿಂದೆ ಗೋಡೆಗೆ ಒರಗಿ ನಿಂತವರೂ ಇದ್ದರು. ಅವರಲ್ಲಿ ಹೆಚ್ಚಿನವರು 20ರಿಂದ 30ರ ಒಳಗಿನ ಹುಡುಗರು. ನಿಮ್ಮ ಮಾತು ಯಾರಿಗೆ ತಲುಪಬೇಕೋ ಅವರೇ. ಅಂಥವರನ್ನು ಒಂದು ಹಾಲ್‌ಗೆ ಕರೆತಂದು ಕೂರಿಸುವುದು ಎಷ್ಟು ಕಷ್ಟ ಎಂದು ಶಾಲೆಯಲ್ಲಿ ದುಡಿದವಳಿಗೆ ಗೊತ್ತು. ಆ ಮಟ್ಟಿಗೆ ಸಂಘಟಕರಿಗೆ ನಮಸ್ಕಾರ.

ಉಪನ್ಯಾಸಕರು ಪರದೆಯ ಮೇಲೆ ಒಂದು ಬಿಯರ್ ಬಾಟಲಿಯ ಚಿತ್ರ ತೋರಿಸಿದರು. ಅದರ ಸುತ್ತ ಕೆಂಪು ಬಾಣಗಳು. ಒಂದು ಬಾಣದ ತುದಿಯಲ್ಲಿ ‘ಗ್ಲಿಸರಿನ್’, ಇನ್ನೊಂದರಲ್ಲಿ ‘ಆಸಿಡ್’, ಮತ್ತೊಂದರಲ್ಲಿ ‘ಗಂಡಸರನ್ನು ಹೆಂಗಸರನ್ನಾಗಿಸುವ ಹಾರ್ಮೋನ್’, ಕೆಳಗೆ ‘ಮೀನಿನ ಕರುಳು’, ‘ಕ್ಯಾನ್ಸರ್ ಕೆಮಿಕಲ್’. ಕಂಪನಿಯವರು ಇವನ್ನೆಲ್ಲ ಕದ್ದು ಬೆರೆಸುತ್ತಾರೆ ಎಂಬುದು ಮಾತಿನ ಸಾರ. ಒಂದು ಗಂಟೆಯ ಭಾಷಣದಲ್ಲಿ ಮದ್ಯಸಾರ ಎಂಬ ಶಬ್ದ ಬಂದದ್ದು ಎರಡೇ ಸಲ. ಎಣಿಸಿದ್ದೇನೆ, ಮಕ್ಕಳು ಉತ್ತರಪತ್ರಿಕೆಯಲ್ಲಿ ಮುಖ್ಯ ಶಬ್ದವನ್ನೇ ಬಿಟ್ಟಿದ್ದಾರೋ ಎಂದು ನೋಡುವ ಹಳೇ ಚಾಳಿ.

ಕಾರ್ಯಕ್ರಮ ಮುಗಿದು ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಹೇಗಿತ್ತು ಎಂದು ಕೇಳಿದೆ.

“ಅದು ತೆಗೆಯುವ ಕ್ರಮ ನಮಗೆ ಗೊತ್ತುಂಟು ಟೀಚರೇ,” ಎಂದ.

“ಯಾವುದು?”

“ಗ್ಲಿಸರಿನ್. ಬಾಟಲಿ ಓಪನ್ ಮಾಡಿ, ಬಾಯಿಗೆ ಹೆಬ್ಬೆರಳು ಇಟ್ಟು, ಒಂದು ಗ್ಲಾಸ್ ನೀರಿನ ಒಳಗೆ ಮಗುಚಿ ಹಿಡಿಯುವುದು. ಬೆರಳು ತೆಗೆದರೆ ನೂಲು ನೂಲಾಗಿ ಇಳೀತದೆ. ಅದು ನಿಂತ ಮೇಲೆ ಕುಡಿದರೆ ಏನೂ ಆಗುದಿಲ್ಲ.”

ಪಕ್ಕದಲ್ಲಿದ್ದವನು ನಕ್ಕು, “ಅಷ್ಟು ಕಷ್ಟ ಯಾಕೆ ಮಾರಾಯ? ಕಳ್ಳು ಕುಡಿ. ಕೆಮಿಕಲ್ಲೇ ಇಲ್ಲ,” ಎಂದ.

ಮಾನ್ಯರೇ, ನಿಮ್ಮ ಒಂದು ಗಂಟೆಯ ಭಾಷಣ ಬಾಗಿಲು ದಾಟುವ ಮೊದಲೇ ಈ ಎರಡು ತೀರ್ಮಾನಗಳಾಗಿ ಹೊರಬಿತ್ತು. ಒಬ್ಬನಿಗೆ ವಿಷ ತೆಗೆಯುವ ಉಪಾಯ ಗೊತ್ತಿದೆ. ಇನ್ನೊಬ್ಬನಿಗೆ ವಿಷವಿಲ್ಲದ ಪಾನೀಯ ಗೊತ್ತಿದೆ. ಕುಡಿಯುವುದನ್ನು ಕಡಿಮೆ ಮಾಡುತ್ತೇನೆ ಎಂದು ಇಬ್ಬರಲ್ಲಿ ಒಬ್ಬನೂ ಹೇಳಲಿಲ್ಲ.

ಆಗ ನಾನೂ ನಕ್ಕು ಸುಮ್ಮನಾದೆ. ಸುಮ್ಮನಾದದ್ದು ತಪ್ಪಾಯಿತು. ಸುಮಾರು ಒಂದೂವರೆ ತಿಂಗಳ ಬಳಿಕ ಆ ಮೊದಲನೆಯ ಹುಡುಗ ರಾತ್ರಿ ಬೈಕಿನಲ್ಲಿ ಬರುವಾಗ ಇಳಿಜಾರಿನ ತಿರುವಿನಲ್ಲಿ ಚರಂಡಿಗೆ ಬಿದ್ದ. ಕತ್ತಿನ ಕೆಳಗಿನ ಎಲುಬು ಮುರಿಯಿತು, ಮುಖದ ಚರ್ಮ ಒಂದು ಕಡೆ ಪೂರ್ತಿ ಕಿತ್ತಿತು. ನೋಡಲು ಹೋದಾಗ ಅವನ ಅಮ್ಮ ಒಳಗೆ ಚಹಾ ಮಾಡುತ್ತಿದ್ದರು. ಅವರಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಅವನು ಹೇಳಿದ್ದಿಷ್ಟು: “ಒಂದೇ ಬಿಯರು ಟೀಚರೇ. ಅದೂ ಗ್ಲಿಸರಿನ್ ತೆಗೆದದ್ದು.” ತಮಾಷೆಗೆ ಹೇಳಿದ್ದಲ್ಲ. ಯಾಕೆ ಹೀಗಾಯಿತು ಎಂದು ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮರುದಿನ ನೆರೆಮನೆಯ ಹುಡುಗನ ಕೈಲಿ ಒಂದು ಸ್ಟ್ರಾಂಗ್ ಬಿಯರ್ ತರಿಸಿದೆ. 63 ವರ್ಷದಲ್ಲಿ ಮೊದಲ ಸಲ ಬಿಯರ್ ಬಾಟಲಿ ಕೈಯಲ್ಲಿ ಹಿಡಿದದ್ದು. ಜಗಲಿಯಲ್ಲಿ ಮೂರು ಉದ್ದ ಗಾಜಿನ ಲೋಟಗಳಲ್ಲಿ ಬಾವಿ ನೀರು ತುಂಬಿಸಿಟ್ಟೆ. ಮೊದಲನೆಯದರಲ್ಲಿ ಬಿಯರ್ ಬಾಟಲಿ ಮಗುಚಿದೆವು. ಹುಡುಗ ಹೇಳಿದ್ದು ಸುಳ್ಳಲ್ಲ. ಬಾಟಲಿಯ ಬಾಯಿಯಿಂದ ಸಣ್ಣ ಸಣ್ಣ ಎಳೆಗಳು ಸುರುಳಿ ಸುತ್ತುತ್ತ ತಳಕ್ಕೆ ಇಳಿದವು. ಬಿಸಿಲಿಗೆ ಹಿಡಿದು ನೋಡಿದರೆ ಅಂಟು ದ್ರವವೇನೋ ಸುರಿಯುತ್ತಿದೆ ಎಂದು ಯಾರಿಗಾದರೂ ಅನಿಸುವಂತೆಯೇ ಇತ್ತು. ಎರಡನೆಯ ಲೋಟದಲ್ಲಿ ಒಂದು ಬಾಟಲಿ ಬೆಲ್ಲದ ಪಾನಕ ಮಗುಚಿದೆ. ಅದೇ ಎಳೆಗಳು, ಅದೇ ಸುರುಳಿ. ಬೆಲ್ಲದ ಬಣ್ಣ ಇದ್ದುದರಿಂದ ಇನ್ನೂ ಚಂದ ಕಾಣುತ್ತಿತ್ತು. ಬೆಲ್ಲದಲ್ಲಿ ಗ್ಲಿಸರಿನ್ ಬೆರೆಸಿದ ಕಂಪನಿ ಯಾವುದು? ಮೂರನೆಯದರಲ್ಲಿ ಬರೀ ನೀರಿನ ಬಾಟಲಿ ಮಗುಚಿದೆ. ಏನೂ ಇಳಿಯಲಿಲ್ಲ.

ಇದರಲ್ಲಿ ಒಗಟೇನೂ ಇಲ್ಲ. ಪಾನಕ ನೀರಿಗಿಂತ ಭಾರ, ಆದ್ದರಿಂದ ಕೆಳಗಿಳಿಯುತ್ತದೆ. ಅದು ಬಿಟ್ಟ ಜಾಗಕ್ಕೆ ನೀರು ಮೇಲೇರುತ್ತದೆ. ಬಿಯರಿನಲ್ಲಿಯೂ ಯೀಸ್ಟಿಗೆ ಜೀರ್ಣವಾಗದೆ ಉಳಿದ ಸಕ್ಕರೆಯಂಥ ಪದಾರ್ಥಗಳಿರುವುದರಿಂದ ಅದು ಸಾಮಾನ್ಯವಾಗಿ ನೀರಿಗಿಂತ ಒಂದು ಕೂದಲೆಳೆಯಷ್ಟು ಭಾರ. ಹಾಗಾಗಿ ಇಳಿಯುವುದು ಬಿಯರೇ, ಏರುವುದು ನೀರು. ನೆರೆಮನೆಯ ಹುಡುಗನಿಗೆ ಮೊದಲನೇ ಲೋಟ ಮೂಸಲು ಹೇಳಿದೆ. “ಬಿಯರೇ ಟೀಚರೇ, ನೀರು ಸೇರಿದ ಬಿಯರು,” ಎಂದ. ಗ್ಲಿಸರಿನ್ ನೀರಿನಲ್ಲಿ ಪೂರ್ತಿ ಬೆರೆತುಹೋಗುವ ವಸ್ತು. ಸಾರಿನ ಪಾತ್ರೆ ಮಗುಚಿ ಉಪ್ಪನ್ನು ಮಾತ್ರ ಇಳಿಸಲು ಆಗುತ್ತದೆಯೇ? ಉಳಿದ ಬಿಯರನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ. ಆಗ ಆ ಹುಡುಗನ ಮುಖ ನೋಡಬೇಕಿತ್ತು.

ಗ್ಲಿಸರಿನ್ ಬಿಯರಿನಲ್ಲಿ ಇಲ್ಲವೇ ಎಂದರೆ, ಇದೆ. ಆದರೆ ಅದನ್ನು ಕಂಪನಿಯವರು ತಂದು ಸುರಿಯಬೇಕಾಗಿಲ್ಲ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುವಾಗ ಜೊತೆಗೆ ಸ್ವಲ್ಪ ಗ್ಲಿಸರಿನ್ನನ್ನೂ ಮಾಡುತ್ತದೆ. ಅದು ಆ ಜೀವಿಯ ಒಳಗಿನ ಲೆಕ್ಕಾಚಾರ. ಲೀಟರಿಗೆ ಒಂದೆರಡು ಗ್ರಾಂ ಇರುತ್ತದೆ. ಅದೇ ಗ್ಲಿಸರಿನ್ ಕೆಮ್ಮಿನ ಸಿರಪ್ಪಿನಲ್ಲಿ, ಕೇಕಿನ ಮೇಲಿನ ಐಸಿಂಗಿನಲ್ಲಿ ಇದೆ. ಅಷ್ಟು ಪ್ರಮಾಣ ಯಾರನ್ನೂ ಕೊಲ್ಲುವುದಿಲ್ಲ. ಈ ಹೆದರಿಕೆ ಹುಟ್ಟುವುದರಲ್ಲಿ ಹೆಸರಿನ ಗೊಂದಲವೂ ಸೇರಿರಬಹುದು. ಡೈಎಥಿಲೀನ್ ಗ್ಲೈಕಾಲ್ ಎಂಬುದು ಬೇರೆಯೇ ವಸ್ತು. ಅದು ಕಿಡ್ನಿಯನ್ನು ಹಾಳುಮಾಡುವ ನಿಜವಾದ ವಿಷ. 2020ರ ಜನವರಿಯಲ್ಲಿ ಬ್ರೆಜಿಲಿನ ಬೆಲೊ ಹೊರಿಜಾಂಟೆಯಲ್ಲಿ ಒಂದು ಬಿಯರಿನಲ್ಲಿ ಅದು ಸಿಕ್ಕಿತು, ಕುಡಿದವರಲ್ಲಿ ಕೆಲವರು ಸತ್ತರು. ಟ್ಯಾಂಕನ್ನು ತಂಪು ಮಾಡುವ ವ್ಯವಸ್ಥೆಯಿಂದ ಸೋರಿ ಸೇರಿಕೊಂಡದ್ದು. ಅದನ್ನು ಹೇಳಿ ಹೆದರಿಸಿದರೆ ನನ್ನ ಆಕ್ಷೇಪವಿಲ್ಲ. ಆದರೆ ಅದನ್ನೂ ಬಾಟಲಿ ಮಗುಚಿ ತೆಗೆಯಲು ಬರುವುದಿಲ್ಲ.

ನಿಮ್ಮ ಉಳಿದ ಬಾಣಗಳ ಮಾತಿಗೆ ಬರುತ್ತೇನೆ. ‘ಆಸಿಡ್’ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸೋಡದಲ್ಲಿ, ಮಜ್ಜಿಗೆಯಲ್ಲಿ, ಲಿಂಬೆ ಶರಬತ್ತಿನಲ್ಲಿಯೂ ಆಸಿಡ್ ಇದೆ. ‘ಮೀನಿನ ಕರುಳು’ ಎಂದದ್ದು ಕರುಳಲ್ಲ, ಕೆಲವು ಜಾತಿಯ ಮೀನುಗಳ ಗಾಳಿಚೀಲದಿಂದ ತೆಗೆದ ಅಂಟು. ಬ್ರಿಟನ್ನಿನ ಕೆಲವು ಬಗೆಯ ಬಿಯರುಗಳನ್ನು ತಿಳಿಗೊಳಿಸಲು ಹಾಕುತ್ತಾರೆ, ಬಹುಪಾಲು ತಳದಲ್ಲಿ ಕೂತುಬಿಡುತ್ತದೆ. ಸಸ್ಯಾಹಾರಿಗಳು ವಿಚಾರ ಮಾಡಬೇಕಾದ ಸಂಗತಿ ಹೌದು, ಆದರೆ ಅದು ವಿಷವಲ್ಲ.

ಹಾರ್ಮೋನ್ ಮಾತು ಹಾಗಲ್ಲ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನಲ್ಲಿ ಹೆಣ್ಣು ಹಾರ್ಮೋನಿನಂತೆ ವರ್ತಿಸುವ ಒಂದು ವಸ್ತು ಇರುವುದು ನಿಜ. ಬಿಯರಿನಲ್ಲಿ ಅದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ, ಎಂದರೆ ಗ್ರಾಮಿನ ಹತ್ತು ಲಕ್ಷದ ಪಾಲಿನ ಲೆಕ್ಕದಲ್ಲಿ, ಇರುತ್ತದೆ. ಆದರೆ ನನ್ನ ಸೋದರಮಾವನಿಗೆ ಕೊನೆಯ ವರ್ಷಗಳಲ್ಲಿ ಎದೆ ಬೆಳೆದಿತ್ತು. ನಾಚಿಕೆಯಿಂದ ಅವರು ಮನೆಯೊಳಗೂ ಶರ್ಟು ತೆಗೆಯುತ್ತಿರಲಿಲ್ಲ. ಅವರು ಕುಡಿದದ್ದು ಬಿಯರಲ್ಲ, ಹಾಪ್ಸ್ ಹೂವಿನ ಸೋಂಕೂ ಇಲ್ಲದ ಸಾರಾಯಿ. ಮದ್ಯಸಾರದಿಂದ ಲಿವರ್ ಹಾಳಾದರೆ ಗಂಡಸಿನ ಮೈಯಲ್ಲಿ ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ, ಎದೆ ಬೆಳೆಯುತ್ತದೆ. ನಿಮ್ಮ ಚಿತ್ರದಲ್ಲಿ ರೋಗ ಸರಿ ಇತ್ತು, ಬಾಣ ಮಾತ್ರ ತಪ್ಪು ಕಡೆ ತೋರಿಸುತ್ತಿತ್ತು.

‘ಕ್ಯಾನ್ಸರ್ ಕೆಮಿಕಲ್’ಗೆ ಒಂದು ಚರಿತ್ರೆಯೇ ಇದೆ. ಬಹುಶಃ ನಿಮ್ಮ ಉಪನ್ಯಾಸಕರು ಅದರ ಬಾಲವನ್ನು ಎಲ್ಲೋ ಕೇಳಿರಬೇಕು. ಕೊಬ್ಬರಿ ಮಾಡುವವರಿಗೆ ಅದನ್ನು ವಿವರಿಸುವುದು ಸುಲಭ. ಬಿಸಿಲಿಗೆ ಒಣಗಿದ ಕೊಬ್ಬರಿಗೂ ಅಟ್ಟದಲ್ಲಿ ಹೊಗೆ ತಾಗಿ ಒಣಗಿದ ಕೊಬ್ಬರಿಗೂ ಎಷ್ಟು ವ್ಯತ್ಯಾಸ! ಬಾರ್ಲಿಯನ್ನೂ ಮೊಳಕೆ ಬರಿಸಿ ಒಣಗಿಸಿಯೇ ಮಾಲ್ಟ್ ಮಾಡುವುದು. ಉರಿಯಿಂದ ಎದ್ದ ಬಿಸಿಗಾಳಿಯನ್ನು ನೇರವಾಗಿ ಮಾಲ್ಟಿನ ಮೇಲೆ ಹಾಯಿಸಿದರೆ ಆ ಗಾಳಿಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ಮೊಳಕೆಯಲ್ಲಿ ಸಹಜವಾಗಿಯೇ ಇರುವ ಹಾರ್ಡಿನೀನ್, ಗ್ರಾಮೀನ್ ಎಂಬ ಪದಾರ್ಥಗಳ ಜೊತೆ ಸೇರಿ ಎನ್‌ಡಿಎಂಎ ಎಂಬ ವಸ್ತು ಹುಟ್ಟುತ್ತದೆ. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುವುದು ಖಚಿತವಾಗಿ ಗೊತ್ತಿರುವ ವಿಷಯ. 1970ರ ದಶಕದ ಕೊನೆಗೆ ಜರ್ಮನಿಯ ಹೈಡೆಲ್‌ಬರ್ಗಿನ ವಿಜ್ಞಾನಿಗಳು ಅಲ್ಲಿನ ಬಿಯರುಗಳಲ್ಲಿ ಇದನ್ನು ಕಂಡುಹಿಡಿದಾಗ ಗದ್ದಲವೆದ್ದಿತು. ಮಾಲ್ಟ್ ಒಣಗಿಸುವ ಕ್ರಮವನ್ನೇ ಬದಲಿಸಿದರು: ಉರಿಯ ಗಾಳಿ ಕಾಳಿಗೆ ತಾಗದಂತೆ ಬೇರೆ ಗಾಳಿಯನ್ನು ಕಾಯಿಸಿ ಹಾಯಿಸುವುದು, ಇಲ್ಲವೇ ಗಂಧಕದ ಹೊಗೆ ಕೊಡುವುದು. ಅಮೆರಿಕ ನೂರು ಕೋಟಿಯಲ್ಲಿ 5 ಪಾಲು ಎಂಬ ಮಿತಿ ಹಾಕಿತು. ಕೆಲವೇ ವರ್ಷಗಳಲ್ಲಿ ಪ್ರಮಾಣ ಬಹಳ ಇಳಿಯಿತು. ಯಾರೂ ಕದ್ದು ಬೆರೆಸದ, ತಾನಾಗಿ ಹುಟ್ಟಿದ ಒಂದು ವಿಷ. ಅಳೆದು ನೋಡಿದ್ದರಿಂದ ಸಿಕ್ಕಿಬಿದ್ದಿತು. ಈ ಕಥೆಯನ್ನು ಹೇಳಿದ್ದರೆ ನಮ್ಮ ಹುಡುಗರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು.

ಕಂಪನಿಗಳನ್ನು ಕಣ್ಣುಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. 1900ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಬಿಯರಿನಲ್ಲಿ ಆರ್ಸೆನಿಕ್ ಸೇರಿ 6000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಕನಿಷ್ಠ 70 ಮಂದಿ ಸತ್ತರು. ಬಿಯರಿಗೆ ಹಾಕುವ ಸಕ್ಕರೆ ತಯಾರಿಸಲು ಬಳಸಿದ ಗಂಧಕಾಮ್ಲದಲ್ಲಿ ಆರ್ಸೆನಿಕ್ ಇತ್ತು. ಕೈಕಾಲು ಜೋಮು ಹಿಡಿದು ಬಂದವರನ್ನು ನೋಡಿದ ವೈದ್ಯರು ಮೊದಮೊದಲು, ಇವರು ಕುಡುಕರು, ಕುಡಿದು ನರ ಹೋಗಿದೆ ಎಂದು ಬರೆದು ಕಳುಹಿಸುತ್ತಿದ್ದರು. 1960ರ ದಶಕದ ನಡುವಿನಲ್ಲಿ ಕೆನಡಾದ ಕ್ವಿಬೆಕ್ಕಿನಲ್ಲಿ ನೊರೆ ನಿಲ್ಲಲೆಂದು ಕೋಬಾಲ್ಟ್ ಲವಣ ಹಾಕಿದ ಬಿಯರನ್ನು ವಿಪರೀತ ಕುಡಿಯುತ್ತಿದ್ದವರ ಹೃದಯ ಕೆಟ್ಟು ಸುಮಾರು 20 ಜನ ಸತ್ತರು. ಸಂಶಯಕ್ಕೆ ಕಾರಣಗಳಿವೆ. ಆದರೆ ಸಂಶಯ ಬಂದಾಗ ಮಾಡಬೇಕಾದದ್ದು ಪರೀಕ್ಷೆ. ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಮದ್ಯವೂ ಆಹಾರದ ವ್ಯಾಖ್ಯೆಯೊಳಗೆ ಬರುತ್ತದೆ. ಅದರ 40ನೇ ಸೆಕ್ಷನಿನ ಪ್ರಕಾರ ಕೊಂಡುಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಮಾದರಿಯನ್ನು ಪರೀಕ್ಷೆ ಮಾಡಿಸಬಹುದು. ನಿಮ್ಮಲ್ಲಿ ಅಧಿಕಾರಿಗಳೇ ಇದ್ದೀರಿ. ಕೆಂಪು ಬಾಣದ ಬದಲು ಒಂದು ಪರೀಕ್ಷಾ ವರದಿ ತೋರಿಸಿದ್ದರೆ ನಾನೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಈ ಮಾತನ್ನು ನಮ್ಮೂರಿನಲ್ಲಿ ನಿಂತು ಹೇಳುವುದಕ್ಕೆ ಬೇರೆಯೇ ಕಾರಣವಿದೆ. ನಮ್ಮದು ಎಣ್ಮಕಜೆ ಪಂಚಾಯತು. ಪಡ್ರೆ, ಸ್ವರ್ಗದ ಹೆಸರು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಈ ಗುಡ್ಡಗಳಲ್ಲೇ. ‘ಔಷಧಿ ಹೊಡೆಯುವುದು’ ಎನ್ನುತ್ತಿದ್ದರು ಆಗ. ಅದು ವಿಷ ಎಂದು ನಾವು ಹೇಳಿದಾಗ ನಂಬಿದವರು ಎಷ್ಟು ಮಂದಿ? ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ನನ್ನ ತರಗತಿಯಲ್ಲಿ ಕೂರಬೇಕಿದ್ದ, ಕೂರಲಾಗದೆ ಹೋದ ಮಕ್ಕಳ ಮನೆಗಳನ್ನು ನಾನು ಬಲ್ಲೆ. ಹಾಗಾಗಿ ಇಲ್ಲಿ ‘ಕೆಮಿಕಲ್’ ಎಂದರೆ ಜನ ಬೇಗ ನಂಬುತ್ತಾರೆ. ಆ ನಂಬಿಕೆಯನ್ನು ಅವರು ಬಹಳ ಬೆಲೆ ತೆತ್ತು ಗಳಿಸಿದ್ದಾರೆ. ಅದನ್ನು ಗ್ಲಿಸರಿನ್ನಿನ ಮೇಲೆ ಖರ್ಚು ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾಳೆ ನಿಜವಾಗಿ ಯಾವುದೋ ವಿಷ ಬಂದಾಗ ಇದೂ ಗ್ಲಿಸರಿನ್ ಕಥೆಯೇ ಎಂದು ನಮ್ಮ ಮಕ್ಕಳು ನಗಬಾರದು.

ಈಗ ನಿಮ್ಮ ಚಿತ್ರದಲ್ಲಿ ಬಾಣವೇ ಇಲ್ಲದ ವಸ್ತುವಿನ ವಿಚಾರ. ನಾನು ತರಿಸಿದ ಬಾಟಲಿಯ ಲೇಬಲ್ ಓದಲು ಕನ್ನಡಕ ಹಾಕಿಕೊಂಡರೂ ಸಾಲದೆ ಭೂತಗನ್ನಡಿ ಹಿಡಿಯಬೇಕಾಯಿತು. 650 ಮಿಲಿ ಲೀಟರ್. ಮದ್ಯಸಾರ ಶೇಕಡಾ 8 ಮೀರದು ಎಂದಿತ್ತು. 8 ಎಂದೇ ಹಿಡಿಯಿರಿ. 650ರಲ್ಲಿ ಶೇಕಡಾ 8 ಎಂದರೆ 52 ಮಿಲಿ ಶುದ್ಧ ಮದ್ಯಸಾರ. ತೂಕದಲ್ಲಿ ಸುಮಾರು 41 ಗ್ರಾಂ. ವಿಸ್ಕಿಯಲ್ಲಿರುವುದು ಶೇಕಡಾ 42.8. ಹಾಗಾದರೆ 60 ಮಿಲಿಯ ಒಂದು ದೊಡ್ಡ ಪೆಗ್ಗಿನಲ್ಲಿ 25.7 ಮಿಲಿ. ಒಂದು ಸ್ಟ್ರಾಂಗ್ ಬಿಯರ್ ಎಂದರೆ ಎರಡು ದೊಡ್ಡ ಪೆಗ್ ವಿಸ್ಕಿ. ಏಳನೇ ತರಗತಿಯ ಗಣಿತ ಇದು. ‘ನಾನು ಹಾಟ್ ಕುಡಿಯುವುದಿಲ್ಲ, ಬಿಯರ್ ಮಾತ್ರ’ ಎನ್ನುವ ಎಷ್ಟು ಹುಡುಗರು ನಮ್ಮಲ್ಲಿದ್ದಾರೆ! ಅವರ ಮನೆಯವರೂ ಬಿಯರ್ ಮಾತ್ರ ಅಲ್ಲವೇ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರೆ ಸಾಕಿತ್ತು.

ಲಿವರ್ ಒಂದು ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಎಂದರೆ ಆ ಒಂದು ಬಾಟಲಿ ಪೂರ್ತಿ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಲಿಂಬೆ ಹಿಂಡಿದರೂ, ತಲೆಗೆ ತಣ್ಣೀರು ಹೊಯ್ದರೂ, ಬಾಟಲಿ ಮಗುಚಿದರೂ ಆ ವೇಗ ಹೆಚ್ಚುವುದಿಲ್ಲ. ವಾಹನ ಓಡಿಸುವವರ ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ಮದ್ಯಸಾರ ಮೀರಬಾರದು ಎಂದು ಕಾನೂನು. 60 ಕಿಲೋ ತೂಕದ ಹುಡುಗ ಖಾಲಿ ಹೊಟ್ಟೆಯಲ್ಲಿ ಆ ಬಾಟಲಿ ಕುಡಿದರೆ ಲೆಕ್ಕದ ಪ್ರಕಾರ ಆ ಮಿತಿಯ ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ನನ್ನ ಶಿಷ್ಯನನ್ನು ತಿರುವಿನಲ್ಲಿ ಬೀಳಿಸಿದ್ದು ಇದು.

ಕ್ಯಾನ್ಸರ್ ಮಾತೇ ಬೇಕಿದ್ದರೆ ಅದೂ ಇಲ್ಲಿಯೇ ಇದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದ್ದು 1988ರಲ್ಲಿ. ತಂಬಾಕು, ಕಲ್ನಾರು ಇರುವ ಗುಂಪು ಅದು. ಮದ್ಯಸಾರ ಹೊಟ್ಟೆಗೆ ಹೋದ ಮೇಲೆ ನಮ್ಮ ಲಿವರೇ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನಾಗಿ ಮಾಡುತ್ತದೆ, ಮತ್ತು ಅದು ಜೀವಕೋಶಗಳ ಡಿಎನ್ಎಗೆ ಪೆಟ್ಟು ಕೊಡುತ್ತದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಯಾವ ಕಂಪನಿಯೂ ಇದನ್ನು ಕದ್ದು ಬೆರೆಸುತ್ತಿಲ್ಲ. ಎಷ್ಟು ಇದೆ ಎಂದು ಲೇಬಲಿನ ಮೇಲೆ ಅಚ್ಚು ಹಾಕಿಯೇ ಮಾರುತ್ತಾರೆ. ಜನ ಕೊಳ್ಳುವುದೂ ಅದಕ್ಕಾಗಿಯೇ.

ಕಳ್ಳಿನ ಹುಡುಗನಿಗೂ ಇದೇ ಉತ್ತರ. ಮರದಿಂದ ಇಳಿಸಿದ ಸಿಹಿ ನೀರಿಗೆ ಗಾಳಿಯ, ಮಡಕೆಯ ಯೀಸ್ಟ್ ತಾಗಿ ಗಂಟೆಗಟ್ಟಲೆ ಹುಳಿದರೆ ಅದರಲ್ಲಿ ಹುಟ್ಟುವುದೂ ಅದೇ ಮದ್ಯಸಾರ, ಹೆಚ್ಚುಕಡಿಮೆ ಬಿಯರಿನಷ್ಟೇ. ಲಿವರಿಗೆ ತೆಂಗೂ ಗೊತ್ತಿಲ್ಲ, ಬಾರ್ಲಿಯೂ ಗೊತ್ತಿಲ್ಲ. ಕಂಪನಿಯದ್ದು ಕೆಟ್ಟದ್ದು, ನಾಟಿಯದ್ದು ಒಳ್ಳೆಯದು ಎಂಬ ಈ ನಂಬಿಕೆ ಇನ್ನೊಂದು ಹೆಜ್ಜೆ ಮುಂದೆ ಹೋದರೆ ಕಳ್ಳಬಟ್ಟಿ. 1982ರಲ್ಲಿ ಕೇರಳದ ವೈಪಿನ್, 2000ದಲ್ಲಿ ಕೇರಳದ್ದೇ ಕಲ್ಲುವಾತುಕ್ಕಲ್, 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿ. ಕಳ್ಳಕುರಿಚಿಯಲ್ಲಿಯೇ 60ಕ್ಕೂ ಹೆಚ್ಚು ಹೆಣ ಬಿದ್ದವು. ಅಲ್ಲಿ ಕೊಂದದ್ದು ಮೆಥನಾಲ್ ಎಂಬ ವಿಷ.

ಶಿಬಿರದ ದಿನವೇ ವಾಚನಾಲಯದ ಮೆಟ್ಟಿಲಲ್ಲಿ ಇನ್ನೊಬ್ಬ ತಾಯಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ, ಯಾಕೆಂದರೆ ವೇದಿಕೆಯಲ್ಲಿ ಅದರ ಮಾತೇ ಬರಲಿಲ್ಲ. “ಮಗನಿಗೆ ಕಿಡ್ನಿ ಸ್ಟೋನ್ ಉಂಟು ಟೀಚರೇ. ಬಿಯರ್ ಕುಡಿದರೆ ಕರಗ್ತದೆ ಅಂತ ವಾರಕ್ಕೆ ಎರಡು ತರ್ತಾನೆ. ಬೇಡ ಅನ್ನಲಿಕ್ಕೂ ಧೈರ್ಯ ಇಲ್ಲ, ಮದ್ದಲ್ವಾ?” ಇಂಥ ಮದ್ದು ನಮ್ಮಲ್ಲಿ ಮನೆಮನೆಯಲ್ಲಿದೆ. ಬಿಯರು ಮೂತ್ರ ಹೆಚ್ಚಿಸುವುದು ನಿಜ, ಮದ್ಯಸಾರ ದೇಹದ ನೀರು ಹಿಡಿದಿಡುವ ಹಾರ್ಮೋನನ್ನು ಅಡಗಿಸುವುದರಿಂದ. ಆದರೆ ಸಾಮಾನ್ಯವಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲು ಬಿಯರಿಗೆ ಕರಗುವುದಿಲ್ಲ. ಬಿಯರಿನಲ್ಲಿ ಯೀಸ್ಟಿನಿಂದಲೂ ಮಾಲ್ಟಿನಿಂದಲೂ ಬಂದ ಪ್ಯೂರಿನ್ ಎಂಬ ಪದಾರ್ಥಗಳಿವೆ. ಅವು ಮೈಯಲ್ಲಿ ಯೂರಿಕ್ ಆಸಿಡ್ ಆಗುತ್ತವೆ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯಗಳ ಪೈಕಿ, ಯೂರಿಕ್ ಆಸಿಡ್ ಹೆಚ್ಚಿ ಕೀಲು ಬಾತು ನೋಯುವ ಗೌಟ್ ಕಾಯಿಲೆಗೆ ಅತಿ ಹೆಚ್ಚು ನಂಟು ಕಂಡದ್ದು ಬಿಯರಿಗೇ. ಸಹಜವಾಗಿ ಇರುವ ಕೆಮಿಕಲ್ ಬಗ್ಗೆ ಹೇಳಲೇಬೇಕೆಂದಿದ್ದರೆ ಹೇಳಬೇಕಾದದ್ದು ಇದನ್ನು. ಆ ತಾಯಿಗೆ ನಾನು, ಬರೀ ನೀರು ಕೊಡಿ, ಡಾಕ್ಟರಿಗೆ ತೋರಿಸಿ ಎಂದೆ. ವೇದಿಕೆಯ ಮೈಕಿನಲ್ಲಿ ಬಂದಿದ್ದರೆ ಆ ಮಾತಿಗೆ ಇನ್ನಷ್ಟು ತೂಕ ಇರುತ್ತಿತ್ತು.

ನೀವು ಹಂಚಿದ ಕನ್ನಡ ಕರಪತ್ರ ನನ್ನ ಮುಂದಿದೆ. ‘ಲಹರಿಯಿಂದ ದೂರವಿರಿ’ ಎಂದು ದಪ್ಪಕ್ಷರದಲ್ಲಿದೆ. ಮಲಯಾಳದಲ್ಲಿ ಲಹರಿ ಎಂದರೆ ಅಮಲು. ಕನ್ನಡದಲ್ಲಿ ಅದು ಅಲೆ, ಮನಸ್ಸಿನ ಒಂದು ಒಳ್ಳೆಯ ಗುಂಗು. ಪದ್ಯ ಬರೆಯುವ ಹುಡುಗಿಯೊಬ್ಬಳು, ನಾನು ಯಾಕೆ ದೂರವಿರಬೇಕು ಟೀಚರ್ ಎಂದು ಕೇಳಿದಳು. ಅದಕ್ಕಿಂತ ಕೆಳಗಿನ ಸಾಲು: ‘ವೀರ್ಯ ಕಡಿಮೆಯಾದ ಬಿಯರ್ ಕೂಡಾ ಅಪಾಯ.’ ಮಲಯಾಳದ ವೀರ್ಯಂ ಎಂದರೆ ಮದ್ಯದ ಕಡುಪು. ಕನ್ನಡದ ಹುಡುಗರು ಅದನ್ನು ಓದಿ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕರು. ಆಮೇಲೆ ಕರಪತ್ರ ಯಾರೂ ಓದಲಿಲ್ಲ, ಆ ಒಂದು ಸಾಲು ಮಾತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕನ್ನಡ ಬಲ್ಲ ಒಬ್ಬರ ಕಣ್ಣು ಹಾಯಿಸಿದ್ದರೆ ಐದು ನಿಮಿಷದ ಕೆಲಸ. ನಮ್ಮ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆ, ಹಾಗಾಗಿ ಈ ಪತ್ರ ಕನ್ನಡದಲ್ಲಿದೆ. ಉತ್ತರವೂ ಕನ್ನಡದಲ್ಲಿ, ಅರ್ಥವಾಗುವ ಕನ್ನಡದಲ್ಲಿ, ಬಂದರೆ ಸಂತೋಷ.

ಈ ವಿಷಯಗಳನ್ನು ಸಂಘಟಕರಲ್ಲಿ ಒಬ್ಬರಿಗೆ ಫೋನಿನಲ್ಲಿ ಹೇಳಿದೆ. ಸಮಾಧಾನದಿಂದ ಕೇಳಿದ ಅವರು ಕೊನೆಗೆ, “ಸುಳ್ಳಾದರೇನು ಟೀಚರ್, ಹೆದರಿ ಬಿಟ್ಟರೆ ಒಳ್ಳೆಯದೇ ಅಲ್ವಾ?” ಎಂದರು. ಹೆದರಿ ಬಿಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಆದರೆ ಸುಳ್ಳು ವಿಷಕ್ಕೆ ಸುಳ್ಳು ಮದ್ದು ಬಹಳ ಬೇಗ ಸಿಗುತ್ತದೆ. ಗ್ಲಿಸರಿನ್ ಭಯಕ್ಕೆ ಒಂದು ಲೋಟ ನೀರು ಸಾಕು, ಕೆಮಿಕಲ್ ಭಯಕ್ಕೆ ಕಳ್ಳಂಗಡಿ ಸಾಕು. ಮದ್ಯಸಾರದ ಭಯಕ್ಕೆ ಅಂಥ ಅಡ್ಡದಾರಿ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಆ ಬಾಣಗಳ ಚಿತ್ರವನ್ನು ಮುಂದಿನ ಶಿಬಿರದಿಂದ ತೆಗೆಯಿರಿ. ಅದರ ಬದಲು ಒಂದು ಬಾಟಲಿಯಲ್ಲಿ ಎಷ್ಟು ಮದ್ಯಸಾರ, ಅದು ಎಷ್ಟು ಪೆಗ್ಗಿಗೆ ಸಮ, ಇಳಿಯಲು ಎಷ್ಟು ಹೊತ್ತು, ಬೈಕು ಹತ್ತುವ ಮೊದಲು ಏನು ಲೆಕ್ಕ ಎಂಬುದನ್ನು ತೋರಿಸಿ. ಕೇರಳದಲ್ಲಿ 23 ತುಂಬದವರಿಗೆ ಮದ್ಯ ಮಾರುವಂತಿಲ್ಲ ಎಂಬುದನ್ನು ಅಂಗಡಿಯವರಿಗೂ ಕೇಳಿಸುವಂತೆ ಹೇಳಿ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು, ವೈದ್ಯರ ನೆರವಿನಲ್ಲಿಯೇ ಬಿಡಬೇಕು ಎಂಬ ಮಾತು ನಿಮ್ಮ ಶಿಬಿರದಲ್ಲಿ ಬರಲೇ ಇಲ್ಲ. ಹೆದರಿಕೆಯಿಂದ ನಾಳೆಯೇ ಬಿಟ್ಟುಬಿಡುವ ಒಬ್ಬ ಅಪ್ಪ ಆ ಹಾಲ್‌ನಲ್ಲಿ ಕೂತಿದ್ದರೆ? ಕನ್ನಡದ ಕರಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಇಲ್ಲಿನ ಯಾವುದಾದರೂ ಕನ್ನಡ ಶಾಲೆಯ ಅಧ್ಯಾಪಕರಿಗೆ ತೋರಿಸಿ. ನನಗೆ ಕಳುಹಿಸಿದರೂ ಆಯಿತು, ಹಣ ಬೇಡ. ಬಿಯರಿನ ಶುದ್ಧತೆಯ ಬಗ್ಗೆ ಸಂಶಯವಿದ್ದರೆ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಿ, ಬಂದ ಫಲಿತಾಂಶ ಏನೇ ಇರಲಿ ಅದನ್ನು ಪಂಚಾಯತು ಕಚೇರಿಯ ಬೋರ್ಡಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಹಾಕಿ.

ಮುಂದಿನ ಶಿಬಿರ ಯಾವ ಊರಿನಲ್ಲಿ ಎಂದು ತಿಳಿಸಿದರೆ ನಾನು ಬರುತ್ತೇನೆ. ಒಂದು ಮೇಜು, ಮೂರು ಉದ್ದ ಗಾಜಿನ ಲೋಟ ಸಾಕು. ಪಾನಕ ನಾನೇ ಮಾಡಿ ತರುತ್ತೇನೆ. ಎಲುಬು ಕೂಡಿಕೊಂಡಿರುವ ಆ ಹುಡುಗ, ಬಾಟಲಿ ಮಗುಚುವ ಕೆಲಸ ತನ್ನದು ಎಂದು ಒಪ್ಪಿಕೊಂಡಿದ್ದಾನೆ.

ಇಂತಿ,
ಪೆರ್ಲ ಸಮೀಪದ ಒಬ್ಬ ನಿವೃತ್ತ ಶಿಕ್ಷಕಿ